ಫಾರ್ಮ್ಯಾಟ್ ಮಾಡಿಸುವ ಮುನ್ನ: ಕಂಪ್ಯೂಟರಿನ ಉತಾರ ಕಾಪಾಡಿಕೊಳ್ಳುವ ಬಗೆ



ಇತ್ತೀಚೆಗೆ ನಮಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಕಂಪ್ಯೂಟರ್ ಸರಿಯಾಗಿ ಚಾಲೂ ಆಗುತ್ತಿಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಾರೆ. ಮಾಡಿಸಲೇ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಲ್ಲಿ ಎಲ್ಲರಿಗೂ ಒಮ್ಮೆಲೇ ಬರೆಯುತ್ತಿದ್ದೇವೆ. ನಾವು ಗಣಕ ತಜ್ಞರಲ್ಲ, ಗುಮಾಸ್ತರಾಗಿ ನೌಕರಿ ಮಾಡಿ ನಿವೃತ್ತರಾದವರು. ಆದರೆ ಈ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದು, ಆಮೇಲೆ ಕುಳಿತು ಕಲಿತಿದ್ದೇವೆ. ಕಲಿತದ್ದನ್ನು ಕಲಿತ ಹಾಗೆಯೇ ಹೇಳುತ್ತೇವೆ.

ನಮಗೆ ಆದದ್ದು

ಒಂದು ಬೇಸಿಗೆಯಲ್ಲಿ ಸಂಘದ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಮಾಡಿಕೊಳ್ಳುತ್ತಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಮೊದಲೇ ಸೋತಿತ್ತು, ಎರಡು ನಿಮಿಷವೂ ತಡೆಯಲಿಲ್ಲ. ಕರೆಂಟು ಬಂದ ಮೇಲೆ ಪರದೆಯ ಮೇಲೆ ನೀಲಿ ಬಣ್ಣ, ಒಂದಷ್ಟು ಇಂಗ್ಲಿಷ್ ಸಾಲು, ಅಷ್ಟೇ. ಹೆದರಿ ಪೇಟೆಯ ಒಂದು ಅಂಗಡಿಗೆ ಒಯ್ದೆವು. ಸಂಜೆಯ ಹೊತ್ತಿಗೆ ಫಾರ್ಮ್ಯಾಟ್ ಆಗಿ, ಹೊಸ ವಿಂಡೋಸ್ ಹಾಕಿ ಕೊಟ್ಟರು. "ಡಿ ಡ್ರೈವ್‌ನಲ್ಲಿದ್ದದ್ದು ಹಾಗೇ ಇದೆ, ಚಿಂತೆ ಬೇಡ" ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಮನೆಗೆ ತಂದು ನೋಡಿದರೆ ಕೀಲಿಮಣೆಯಲ್ಲಿ ಇಂಗ್ಲಿಷ್ ಇದೆ, ಮರಾಠಿ ಇದೆ, ಕನ್ನಡ ಇಲ್ಲ. ಹಳೆಯ ಕಡತ ತೆರೆದರೆ ಕನ್ನಡದ ಒಂದಕ್ಷರವೂ ಕಾಣಲಿಲ್ಲ. 'ಕನ್ನಡ' ಎಂದು ಬರೆದಿದ್ದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಓರೆಗೆರೆ ಹೊತ್ತ ಒಂದು 'ಎ', ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ 'ಎ', ಜರ್ಮನ್ ಭಾಷೆಯ ಯಾವುದೋ ಅಕ್ಷರ. ಜೊತೆಗಿದ್ದ ತರುಣ ಸದಸ್ಯರೊಬ್ಬರು, "ಕಾಕಾ, ಫೈಲುಗಳಿಗೆ ವೈರಸ್ ಹೊಡೆದಿದೆ. ಎಲ್ಲಾ ಅಳಿಸಿಬಿಡೋಣ, ಜಾಗವಾದರೂ ಉಳಿಯುತ್ತದೆ" ಎಂದರು. ಮೌಸ್ ಮೇಲೆ ಅವರ ಬೆರಳು ಇದ್ದೇ ಇತ್ತು.

ಆ ಕಡತಗಳಲ್ಲಿ ಏನಿತ್ತು ಎಂಬುದನ್ನು ಹೇಳಬೇಕು. ನಮ್ಮ ಹಿಂದಿನ ಕಾರ್ಯದರ್ಶಿಗಳು ಜತ್ತ ತಾಲ್ಲೂಕಿನ ಹಳ್ಳಿ ಹಳ್ಳಿ ತಿರುಗಿ, ಕನ್ನಡ ಶಾಲೆಗಳಲ್ಲಿ ಕಲಿಸಿದ್ದ ಹಳೆಯ ಗುರುಗಳನ್ನು ಕಂಡು, ಅವರ ನೆನಪುಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದರು. ಆಮೇಲೆ ಒಂದೇ ಬೆರಳಿನಿಂದ ಕುಟ್ಟುತ್ತ ನುಡಿ ತಂತ್ರಾಂಶದಲ್ಲಿ ಅದನ್ನೆಲ್ಲ ಏರಿಸಿದ್ದರು. ಈಗ ಅವರೂ ಇಲ್ಲ, ಆ ಗುರುಗಳಲ್ಲಿ ಬಹಳ ಜನರೂ ಇಲ್ಲ. ನೋಟುಬುಕ್ಕುಗಳಿಗೆ ಗೆದ್ದಲು ಹತ್ತಿತ್ತು. ಉಳಿದಿದ್ದ ಪ್ರತಿ ಎಂದರೆ ಡಿ ಡ್ರೈವಿನ ಈ ಕಡತಗಳು ಮಾತ್ರ.

ಅಳಿಸಲಿಲ್ಲ. "ನಾಳೆ ನೋಡೋಣ" ಎಂದು ಕಂಪ್ಯೂಟರ್ ಮುಚ್ಚಿದೆವು. ಗುಮಾಸ್ತಿಕೆಯಲ್ಲಿ ಕಲಿತ ಆ ಒಂದು ಅಭ್ಯಾಸ ಅಂದು ಕಾಪಾಡಿತು: ಅರ್ಥವಾಗದ ಕಾಗದವನ್ನು ಹರಿಯಬಾರದು. ಎಂಟು ದಿನ ಬಿಟ್ಟು ಇನ್ನೊಂದು ಹಳ್ಳಿಯ ಸದಸ್ಯರ ಹಳೇ ಕಂಪ್ಯೂಟರಿನಲ್ಲಿ ನುಡಿಯ ಹಳೆಯ ಫಾಂಟುಗಳು ಸಿಕ್ಕವು. ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದೆವು. ಅದೇ ಕಡತ, ಅದೇ ಪುಟ, ಈಗ ಅಚ್ಚ ಕನ್ನಡ. ನಾವಿಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಆದರೆ ಎಲ್ಲವೂ ಮರಳಲಿಲ್ಲ. ನಮ್ಮ ಕಡೆಯ ಊರುಗಳು, ಅಡ್ಡಹೆಸರುಗಳು, ಶಾಲೆಗಳ ಹೆಸರುಗಳನ್ನು ವರ್ಷಗಟ್ಟಲೆ ವರ್ಡ್ ತಂತ್ರಾಂಶದ ಶಬ್ದಪಟ್ಟಿಗೆ ಸೇರಿಸುತ್ತ ಬಂದಿದ್ದೆವು. ಆ ಪಟ್ಟಿ ಸಿ ಡ್ರೈವಿನಲ್ಲಿ ಕಣ್ಣಿಗೆ ಬೀಳದ ಒಂದು ಫೋಲ್ಡರಿನಲ್ಲಿತ್ತು. ಫಾರ್ಮ್ಯಾಟಿನೊಂದಿಗೆ ಅದು ಹೋಯಿತು. ಅಂಗಡಿಯವರ ಮೇಲೆ ತಪ್ಪು ಹೊರಿಸುವುದಿಲ್ಲ. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಹೇಳಲು ನಮಗೂ ಗೊತ್ತಿರಲಿಲ್ಲ.

ಹೊಲ ಬೇರೆ, ಉತಾರ ಬೇರೆ

ನಮಗೆ ಇದೆಲ್ಲ ಅರ್ಥವಾದದ್ದು ಜಮೀನಿನ ಕಾಗದದ ಲೆಕ್ಕದಲ್ಲಿ. ಮಹಾರಾಷ್ಟ್ರದ ನಮ್ಮ ರೈತರಿಗೆ ಸಾತ್-ಬಾರಾ ಉತಾರ ಎಂದರೇನು ಎಂದು ಹೇಳಬೇಕಾಗಿಲ್ಲ. ಕರ್ನಾಟಕದ ಕಡೆಯ ಸದಸ್ಯರು ಅದನ್ನು ಪಹಣಿ ಎಂದುಕೊಳ್ಳಲಿ. ಹೊಲ ಎಲ್ಲಿಯೂ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಆದರೆ ಉತಾರದಲ್ಲಿ ಹೆಸರು ತಪ್ಪಿದರೆ ಸೊಸೈಟಿಯಲ್ಲಿ ಸಾಲ ಸಿಗುವುದಿಲ್ಲ, ಮಾರಲು ಬರುವುದಿಲ್ಲ, ಬೆಳೆವಿಮೆ ಆಗುವುದಿಲ್ಲ. ಹೊಲವಿದ್ದೂ ಇಲ್ಲದ ಹಾಗೆ.

ಕಂಪ್ಯೂಟರಿನಲ್ಲಿಯೂ ಹಾಗೆಯೇ ಎರಡು ಬಗೆಯ ವಸ್ತುಗಳಿವೆ. ನಾವು ಬರೆದ ಪತ್ರ, ತೆಗೆದ ಫೋಟೋ, ಸದಸ್ಯರ ಯಾದಿ: ಇವು ಹೊಲ. ಯಾವ ಭಾಷೆಯ ಕೀಲಿಮಣೆ ಇದೆ, ಯಾವ ಫಾಂಟುಗಳಿವೆ, ಪ್ರಿಂಟರ್ ಯಾವುದು, ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು, ಚಾಲೂ ಆಗುವಾಗ ಏನೇನು ಎಬ್ಬಿಸಬೇಕು: ಇದೆಲ್ಲ ಬರೆದಿಟ್ಟದ್ದು ಉತಾರ. ಇವನ್ನು ವ್ಯವಸ್ಥೆಯ ಸಂರಚನಾ ಕಡತಗಳು ಎನ್ನುತ್ತಾರೆ. ಮಾತಿನಲ್ಲಿ ಸೆಟ್ಟಿಂಗ್ ಎನ್ನುತ್ತೇವೆ. ನಮ್ಮ ಕನ್ನಡ ಕಡತಗಳು ಕೆಟ್ಟಿರಲಿಲ್ಲ. ಹೊಲ ಹೊಲದಲ್ಲೇ ಇತ್ತು, ಉತಾರದಿಂದ ಕನ್ನಡದ ಹೆಸರು ತೆಗೆದುಹೋಗಿತ್ತು.

ಫಾರ್ಮ್ಯಾಟ್ ಎಂದರೆ ಒಂದು ತಪ್ಪು ನೋಂದಣಿ ತಿದ್ದಲು ತಲಾಠಿ ಕಚೇರಿಯ ದಫ್ತರವನ್ನೆಲ್ಲ ಸುಟ್ಟು ಹೊಸದಾಗಿ ಬರೆದ ಹಾಗೆ. ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ, ನಿಜ. ಆದರೆ ಅದು ಕೊನೆಯ ಮದ್ದು, ಮೊದಲನೆಯದಲ್ಲ.

ಈ ದಫ್ತರ ಎಲ್ಲಿರುತ್ತದೆ?

ಡಾಸ್ ಕಾಲದಲ್ಲಿ ಕೆಲಸ ಮಾಡಿದವರಿಗೆ ಕಾನ್ಫಿಗ್ ಡಾಟ್ ಸಿಸ್, ಆಟೋಎಕ್ಸೆಕ್ ಡಾಟ್ ಬ್ಯಾಟ್ ಎಂಬ ಎರಡು ಕಡತ ನೆನಪಿರಬಹುದು. ಆಗ ಇಡೀ ಸೆಟ್ಟಿಂಗು ಆ ನಾಲ್ಕೈದು ಸಾಲಿನ ಚೀಟಿಗಳಲ್ಲಿ ಇರುತ್ತಿತ್ತು. 1992ರಲ್ಲಿ ಬಂದ ವಿಂಡೋಸ್ 3.1ರಲ್ಲಿ ವಿನ್ ಡಾಟ್ ಐಎನ್‌ಐ, ಸಿಸ್ಟಮ್ ಡಾಟ್ ಐಎನ್‌ಐ ಎಂಬ ಕಡತಗಳು ಆ ಕೆಲಸ ಮಾಡುತ್ತಿದ್ದವು. 1995ರ ವಿಂಡೋಸ್ 95ರಿಂದ ಚೀಟಿಗಳೆಲ್ಲ ಸೇರಿ ಒಂದು ದೊಡ್ಡ ದಫ್ತರವಾಯಿತು. ಅದೇ ರಿಜಿಸ್ಟ್ರಿ.

ಆಗಿನಿಂದಲೇ ನಕಲು ಇಡುವ ಪದ್ಧತಿಯೂ ಬಂತು. ವಿಂಡೋಸ್ 95 ಸರಿಯಾಗಿ ಚಾಲೂ ಆದಾಗಲೆಲ್ಲ ರಿಜಿಸ್ಟ್ರಿಯ ಒಂದು ನಕಲು ತೆಗೆದಿಡುತ್ತಿತ್ತು. ವಿಂಡೋಸ್ 98 ಐದು ನಕಲುಗಳನ್ನು ಇಡುತ್ತಿತ್ತು. 2000ದಲ್ಲಿ ಬಂದ ವಿಂಡೋಸ್ ಎಂಇಯಲ್ಲಿ ಸಿಸ್ಟಮ್ ರಿಸ್ಟೋರ್ ಎಂಬ ಸೌಲಭ್ಯ ಬಂತು, ಮರುವರ್ಷ ಎಕ್ಸ್‌ಪಿಯ ಮೂಲಕ ಮನೆಮನೆಗೂ ಮುಟ್ಟಿತು. ತಯಾರಿಸಿದವರಿಗೇ ಗೊತ್ತಿತ್ತು, ದಫ್ತರ ಕೆಡುತ್ತದೆ, ನಕಲು ಇರಲೇಬೇಕು ಎಂದು.

ಇಂದಿನ ವಿಂಡೋಸ್ 10 ಮತ್ತು 11ರಲ್ಲಿ ಇಡೀ ಯಂತ್ರಕ್ಕೆ ಸಂಬಂಧಿಸಿದ ದಫ್ತರಗಳು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗೆ ಸಿಸ್ಟಮ್32, ಅದರ ಒಳಗೆ ಕಾನ್ಫಿಗ್ ಎಂಬಲ್ಲಿವೆ. ಸಿಸ್ಟಮ್, ಸಾಫ್ಟ್‌ವೇರ್, ಸೆಕ್ಯುರಿಟಿ, ಸ್ಯಾಮ್, ಡೀಫಾಲ್ಟ್ ಎಂದು ಅವುಗಳ ಹೆಸರು. ನಮ್ಮ ನಮ್ಮ ಸ್ವಂತ ಸೆಟ್ಟಿಂಗು, ಅಂದರೆ ಕೀಲಿಮಣೆಯ ಭಾಷೆಯಂಥವು, ನಮ್ಮ ಹೆಸರಿನ ಫೋಲ್ಡರಿನಲ್ಲಿ ಎನ್‌ಟಿಯೂಸರ್ ಡಾಟ್ ಡ್ಯಾಟ್ ಎಂಬ ಮರೆಯಲ್ಲಿರುವ ಕಡತದಲ್ಲಿವೆ. ಶಬ್ದಪಟ್ಟಿ, ತಾನಾಗಿ ತಿದ್ದುವ ಪದಗಳು, ಬ್ರೌಸರಿನ ಗುರುತುಗಳು ಅಲ್ಲೇ ಪಕ್ಕದ ಆಪ್‌ಡೇಟಾ ಎಂಬ ಮರೆಯ ಫೋಲ್ಡರಿನಲ್ಲಿವೆ. ನಾವು ಕಳೆದುಕೊಂಡದ್ದು ಇದನ್ನೇ.

ರಿಜಿಸ್ಟ್ರಿಯಲ್ಲಿ ಭಾಷೆಗಳಿಗೆ ಸರ್ವೆ ನಂಬರಿನ ಹಾಗೆ ಒಂದೊಂದು ಸಂಖ್ಯೆ ಇದೆ. ತೆಲುಗಿಗೆ 044ಎ, ಕನ್ನಡಕ್ಕೆ 044ಬಿ, ಮಲಯಾಳಕ್ಕೆ 044ಸಿ, ನಡುವೆ ಅಸ್ಸಾಮಿಗೆ 044ಡಿ, ಮರಾಠಿಗೆ 044ಇ. ಗಡಿಯ ಭಾಷೆಗಳೆಲ್ಲ ಅಲ್ಲಿಯೂ ಅಕ್ಕಪಕ್ಕದ ಹೊಲಗಳೇ. ಕೀಲಿಮಣೆಯ ಯಾದಿಯಲ್ಲಿ ಕನ್ನಡದ ನಂಬರು ಇದ್ದರೆ ಕನ್ನಡ ಬರೆಯಬಹುದು, ಇಲ್ಲದಿದ್ದರೆ ಇಲ್ಲ. ಇಷ್ಟು ಸಣ್ಣ ನೋಂದಣಿಗಾಗಿ ನಾವು ಎಂಟು ದಿನ ಒದ್ದಾಡಿದ್ದು.

ಕಾಪಾಡಿಕೊಳ್ಳಲು ನಾಲ್ಕು ಕೆಲಸ

ಮೊದಲನೆಯದು, ಸಿಸ್ಟಮ್ ಪ್ರೊಟೆಕ್ಷನ್ ಚಾಲೂ ಇದೆಯೇ ಎಂದು ಇಂದೇ ನೋಡಿ. ಬಹಳಷ್ಟು ಕಂಪ್ಯೂಟರುಗಳಲ್ಲಿ ಇದು ಬಂದ್ ಇರುತ್ತದೆ, ನಮ್ಮದರಲ್ಲೂ ಬಂದ್ ಇತ್ತು. ಸ್ಟಾರ್ಟ್ ಒತ್ತಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ತೆರೆದ ಕಿಟಕಿಯಲ್ಲಿ ಸಿ ಡ್ರೈವ್ ಆರಿಸಿ, 'ಕಾನ್ಫಿಗರ್' ಒತ್ತಿ, 'ಟರ್ನ್ ಆನ್' ಎಂಬುದಕ್ಕೆ ಗುರುತು ಹಾಕಿ. ಕೆಳಗೆ ಜಾಗ ಕೊಡುವ ಪಟ್ಟಿ ಇರುತ್ತದೆ, ಸ್ವಲ್ಪ ಜಾಗ ಕೊಡಿ. ಒಕೆ ಒತ್ತಿ ಹಿಂದೆ ಬಂದು 'ಕ್ರಿಯೇಟ್' ಒತ್ತಿ, ಅಂದಿನ ತಾರೀಕು ಮತ್ತು ಕಾರಣ ಬರೆಯಿರಿ. ಉದಾಹರಣೆಗೆ, 'ಹೊಸ ಪ್ರಿಂಟರ್ ಹಾಕುವ ಮುಂಚೆ'. ಇದಕ್ಕೆ ರಿಸ್ಟೋರ್ ಪಾಯಿಂಟ್ ಎನ್ನುತ್ತಾರೆ. ಇದು ಆ ದಿನದ ಉತಾರದ ಮೊಹರು ಹಾಕಿದ ನಕಲು. ಪ್ರೊಟೆಕ್ಷನ್ ಚಾಲೂ ಇದ್ದರೆ ಕೆಲವು ದೊಡ್ಡ ಬದಲಾವಣೆಗಳ ಮುಂಚೆ ವಿಂಡೋಸ್ ತಾನೇ ಇಂಥ ನಕಲು ತೆಗೆಯುತ್ತದೆ. ಆದರೂ ದೊಡ್ಡ ಕೆಲಸಕ್ಕೆ ಕೈಹಾಕುವ ಮುಂಚೆ ನಾವೇ ಒಂದು ತೆಗೆಯುವುದು ಒಳ್ಳೆಯದು. ಜಾಗ ತುಂಬಿದಾಗ ಹಳೆಯ ನಕಲುಗಳು ತಾವಾಗಿ ಅಳಿಯುತ್ತವೆ. ಹಾಗಾಗಿ ಎರಡು ವರ್ಷದ ಹಿಂದೆ ಒಮ್ಮೆ ಮಾಡಿದ್ದೇವೆ ಎಂದು ಸುಮ್ಮನಿರಬಾರದು.

ಎರಡನೆಯದು, ನಮ್ಮ ಕಡತಗಳ ನಕಲು ಯಂತ್ರದ ಹೊರಗೆ ಇರಲಿ. ರಿಸ್ಟೋರ್ ಪಾಯಿಂಟ್ ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕೇ ಸತ್ತರೆ ಅದೂ ಸಾಯುತ್ತದೆ, ಫಾರ್ಮ್ಯಾಟ್ ಮಾಡಿದರೂ ಹೋಗುತ್ತದೆ. ಅಲ್ಲದೆ ಅದು ನಮ್ಮ ಪತ್ರ, ಫೋಟೋಗಳ ನಕಲನ್ನು ಇಡುವ ವ್ಯವಸ್ಥೆ ಅಲ್ಲ. ತಿಳಿದವರು ಹೇಳುವ ಲೆಕ್ಕ ಮೂರು-ಎರಡು-ಒಂದು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ನಮ್ಮ ಸಂಘ ಈಗ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು, ಬೇರೆ ಊರಿನ ಪದಾಧಿಕಾರಿಯ ಮನೆಯಲ್ಲಿ ಪೆನ್‌ಡ್ರೈವ್‌ನಲ್ಲಿ ಒಂದು ಇಟ್ಟಿದೆ. ಹೊರಗಿನ ಡಿಸ್ಕನ್ನು ಕೆಲಸ ಮುಗಿದ ಮೇಲೆ ಕಿತ್ತಿಡಬೇಕು. ಸದಾ ಚುಚ್ಚಿಕೊಂಡೇ ಇದ್ದರೆ ವೈರಸ್ ಬಂದ ದಿನ ಎರಡೂ ಒಟ್ಟಿಗೆ ಹೋಗುತ್ತವೆ.

ಮೂರನೆಯದು, ಮುಖ್ಯವಾದ ಸೆಟ್ಟಿಂಗುಗಳನ್ನು ಬೇರೆಯಾಗಿ ನಕಲು ಮಾಡಿ. 'ಕನ್ನಡ ಗಂಟು' ಎಂದು ನಾವೇ ಒಂದು ಫೋಲ್ಡರ್ ಮಾಡಿಕೊಂಡಿದ್ದೇವೆ. ಅದರಲ್ಲಿ ನಾವು ಬಳಸುವ ಕನ್ನಡ ಫಾಂಟುಗಳು, ನುಡಿ ಮತ್ತು ಬರಹದ ಸ್ಥಾಪನಾ ಕಡತಗಳು, ಪ್ರಿಂಟರಿನ ಡ್ರೈವರು, ವರ್ಡ್‌ನ ಶಬ್ದಪಟ್ಟಿ ಮತ್ತು ತಾನಾಗಿ ತಿದ್ದುವ ಪದಗಳ ಕಡತ ಇವೆ. ಜೊತೆಗೆ ಒಂದು ಹಾಳೆಯ ಮೇಲೆ ಕೈಬರಹದಲ್ಲಿ ಯಾವ ಕೀಲಿಮಣೆ, ಯಾವ ಪ್ರಿಂಟರ್, ಯಾವ ಇಂಟರ್‌ನೆಟ್ ಎಂದು ಬರೆದು ಕಂಪ್ಯೂಟರ್ ಮೇಜಿನ ಖಾನೆಯಲ್ಲಿಟ್ಟಿದ್ದೇವೆ. ಯಂತ್ರ ಸತ್ತ ದಿನ ಯಂತ್ರದೊಳಗಿನ ಟಿಪ್ಪಣಿ ಓದಲು ಬರುವುದಿಲ್ಲ, ಕಾಗದವೇ ಆಧಾರ.

ನಾಲ್ಕನೆಯದು, ಕರೆಂಟಿನ ಜಾಗ್ರತೆ. ನಮ್ಮ ಕಡೆ ಲೋಡ್‌ಶೆಡ್ಡಿಂಗ್ ಹೊಸದಲ್ಲ. ದಫ್ತರದಲ್ಲಿ ಬರೆಯುತ್ತಿರುವಾಗಲೇ ಪೆನ್ನು ಕಿತ್ತುಕೊಂಡರೆ ಅರ್ಧ ಸಾಲು ಉಳಿಯುತ್ತದೆ. ಅಪ್‌ಡೇಟ್ ನಡುವೆ ಕರೆಂಟು ಹೋದರೂ ಹಾಗೆಯೇ. ಯುಪಿಎಸ್ ಬ್ಯಾಟರಿ ಸೋತಿದ್ದರೆ ಬದಲಿಸಿ. ಕರೆಂಟು ಹೋಗುವ ವೇಳೆ ಗೊತ್ತಿದ್ದರೆ ಆ ಹೊತ್ತಿಗೆ ಅಪ್‌ಡೇಟ್ ಹಚ್ಚಬೇಡಿ. ನೇರವಾಗಿ ಸ್ವಿಚ್ ಆರಿಸುವ ಚಟವನ್ನೂ ಬಿಡಬೇಕು.

ಕೆಟ್ಟ ಮೇಲೆ: ಯಾವುದು ಮೊದಲು, ಯಾವುದು ಆಮೇಲೆ

ಕಂಪ್ಯೂಟರ್ ಚಾಲೂ ಆಗುತ್ತದೆ, ಆದರೆ ಏನೋ ಕೆಟ್ಟಿದೆ ಎಂದಾದರೆ ಮೊದಲು ಯೋಚಿಸಬೇಕಾದ್ದು, ನಿನ್ನೆ ಮೊನ್ನೆ ಏನು ಬದಲಾಯಿತು ಎಂಬುದು. ಹೊಸ ತಂತ್ರಾಂಶ ಹಾಕಿದ್ದರೆ ಅದನ್ನು ತೆಗೆದು ನೋಡಿ. ಕೀಲಿಮಣೆ ಮಾತ್ರ ಹೋಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಟೈಮ್ ಅಂಡ್ ಲ್ಯಾಂಗ್ವೇಜ್' ಒಳಗೆ ಹೋಗಿ ಕನ್ನಡವನ್ನು ಮತ್ತೆ ಸೇರಿಸಿದರೆ ಸಾಕು. ಅದಕ್ಕೆ ಅಂಗಡಿಯೂ ಬೇಡ, ಫಾರ್ಮ್ಯಾಟೂ ಬೇಡ.

ಅದರಿಂದ ಆಗದಿದ್ದರೆ ಸಿಸ್ಟಮ್ ರಿಸ್ಟೋರ್. ಮೊದಲು ಹೇಳಿದ ಅದೇ ಕಿಟಕಿಯಲ್ಲಿ 'ಸಿಸ್ಟಮ್ ರಿಸ್ಟೋರ್' ಎಂಬ ಗುಂಡಿ ಇದೆ. ಒತ್ತಿದರೆ ತಾರೀಕುಗಳ ಯಾದಿ ಬರುತ್ತದೆ. ಎಲ್ಲವೂ ಸರಿಯಿದ್ದ ದಿನವನ್ನು ಆರಿಸಿ. ನಮ್ಮ ಪತ್ರ, ಫೋಟೋಗಳು ಹಾಗೇ ಇರುತ್ತವೆ, ಸೆಟ್ಟಿಂಗು ಮತ್ತು ವ್ಯವಸ್ಥೆಯ ಕಡತಗಳು ಮಾತ್ರ ಆ ದಿನಕ್ಕೆ ಮರಳುತ್ತವೆ. ಆದರೆ ಆ ದಿನದ ಬಳಿಕ ಹಾಕಿದ ತಂತ್ರಾಂಶಗಳು ಹೋಗುತ್ತವೆ. ಯಾವುವು ಹೋಗುತ್ತವೆ ಎಂದು ತೋರಿಸುವ ಗುಂಡಿಯೂ ಅಲ್ಲೇ ಇದೆ, ಒತ್ತಿ ಓದಿ ಮುಂದುವರಿಯಿರಿ.

ಮೂರನೆಯದು ವ್ಯವಸ್ಥೆಯ ಕಡತಗಳ ತಪಾಸಣೆ. ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅದರ ಮೇಲೆ ಬಲಗುಂಡಿ ಒತ್ತಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ಎರಡು ಆದೇಶಗಳಿವೆ. ಮೊದಲನೆಯದು 'ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್'. ಎರಡನೆಯದು 'ಎಸ್‌ಎಫ್‌ಸಿ /ಸ್ಕ್ಯಾನ್‌ನೌ'. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಬೇಕು, ಪ್ರತಿ ಓರೆಗೆರೆಯ ಮುಂಚೆ ಒಂದು ಜಾಗ ಬಿಡಬೇಕು. ಮೊದಲನೆಯದು ದುರಸ್ತಿಗೆ ಬೇಕಾದ ಅಸಲು ಪ್ರತಿಗಳನ್ನು ಇಂಟರ್‌ನೆಟ್‌ನಿಂದ ತಂದುಕೊಳ್ಳುತ್ತದೆ. ಎರಡನೆಯದು ವಿಂಡೋಸಿನ ಕಡತಗಳನ್ನು ಅಸಲಿನೊಡನೆ ತಾಳೆ ನೋಡಿ, ಕೆಟ್ಟದ್ದನ್ನು ಬದಲಿಸುತ್ತದೆ. ಹೊತ್ತು ಹಿಡಿಯುತ್ತದೆ, ನಡುವೆ ನಿಂತಂತೆ ಕಂಡರೂ ಮುಚ್ಚಬೇಡಿ. ಇದು ವಿಂಡೋಸಿನ ಸ್ವಂತ ಕಡತಗಳನ್ನು ಮಾತ್ರ ಸರಿಪಡಿಸುತ್ತದೆ ಎಂಬುದು ನೆನಪಿರಲಿ. ನಮ್ಮ ಫಾಂಟು, ನಮ್ಮ ಶಬ್ದಪಟ್ಟಿ ಅದಕ್ಕೆ ಗೊತ್ತಿಲ್ಲ.

ಕಂಪ್ಯೂಟರ್ ಚಾಲೂ ಆಗುವುದೇ ಇಲ್ಲ ಎಂದಾದರೂ ದಾರಿ ಮುಗಿದಿಲ್ಲ. ಎರಡು ಮೂರು ಸಲ ಚಾಲೂ ಆಗಲು ಸೋತ ಮೇಲೆ ವಿಂಡೋಸ್ ತಾನೇ ದುರಸ್ತಿಯ ನೀಲಿ ಪರದೆ ತೋರಿಸುತ್ತದೆ. ನಾವು ಹೆದರಿದ್ದ ಪರದೆ ಅದೇ, ಅದು ಸಹಾಯಕ್ಕೆ ಬಂದದ್ದು ಎಂದು ಆಗ ಗೊತ್ತಿರಲಿಲ್ಲ. ಅಲ್ಲಿ 'ಟ್ರಬಲ್‌ಶೂಟ್', ಆಮೇಲೆ 'ಅಡ್ವಾನ್ಸ್‌ಡ್ ಆಪ್ಷನ್ಸ್' ಒತ್ತಿದರೆ ಸಿಸ್ಟಮ್ ರಿಸ್ಟೋರ್, ಸ್ಟಾರ್ಟಪ್ ರಿಪೇರ್, ಕಡೆಯ ಅಪ್‌ಡೇಟ್ ತೆಗೆಯುವ ಸೌಲಭ್ಯ ಎಲ್ಲವೂ ಸಿಗುತ್ತವೆ. ಹೊಸ ಕಂಪ್ಯೂಟರುಗಳಲ್ಲಿ ಇಲ್ಲಿ ಒಂದು ಬೀಗ ಎದುರಾಗಬಹುದು. ಡಿಸ್ಕಿಗೆ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಗಳ ಒಂದು ಕೀಲಿ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಚಾಲೂ ಮಾಡಿದ ಯಂತ್ರಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಈ ಬೀಗ ಬಿದ್ದಿರುವುದುಂಟು. ಆ ಕೀಲಿ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಯಂತ್ರ ಸರಿಯಿರುವಾಗಲೇ ಹುಡುಕಿ ಕಾಗದದಲ್ಲಿ ಬರೆದಿಡಿ. ಕೀಲಿ ಇಲ್ಲದಿದ್ದರೆ ಒಳಗಿನ ಕಡತಗಳನ್ನು ಯಾರೂ ತೆಗೆದುಕೊಡಲಾರರು.

ಇಷ್ಟೆಲ್ಲ ಆದ ಮೇಲೂ ಸರಿಹೋಗದಿದ್ದರೆ ಫಾರ್ಮ್ಯಾಟ್. ಅದಕ್ಕೂ ಮುಂಚೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಸಿ ಡ್ರೈವಿನಲ್ಲಿರುವ ನಮ್ಮ ಹೆಸರಿನ ಫೋಲ್ಡರನ್ನು ಆಪ್‌ಡೇಟಾ ಸಮೇತ ನಕಲು ಮಾಡಿಸಿಕೊಳ್ಳಿ. ಡೆಸ್ಕ್‌ಟಾಪ್ ಮೇಲಿರುವ ಕಡತಗಳು ಕೂಡ ಸಿ ಡ್ರೈವಿನಲ್ಲೇ ಇರುತ್ತವೆ. ನಮ್ಮ ಎಷ್ಟೋ ಸದಸ್ಯರು ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೆಯೇ ಹರಡಿಕೊಂಡಿರುತ್ತಾರೆ, ಅವರಿಗೆ ಇದು ಎಚ್ಚರಿಕೆ.

ಕನ್ನಡದ ಮಟ್ಟಿಗೆ ವಿಶೇಷ ಮಾತು

ಹಳೆಯ ಕನ್ನಡ ಕಡತಗಳು ಏಕೆ ಹಾಗೆ ವಿಚಿತ್ರವಾಗಿ ಕಾಣುತ್ತವೆ ಎಂಬುದನ್ನು ತಿಳಿದಿರಬೇಕು. ಬರಹ ತಂತ್ರಾಂಶ ಶೇಷಾದ್ರಿವಾಸು ಅವರಿಂದ 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಬಂತು. ಅದರಲ್ಲಿ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವಿದೆ. ಕನ್ನಡಿಗರ ಮೇಲೆ ಇವರೆಲ್ಲರ ಉಪಕಾರ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಮನೆಯ ಮೂಲ ಯಜಮಾನ ಕಾಣಿಸಿಕೊಳ್ಳುತ್ತಾನೆ. ಯುನಿಕೋಡಿನಲ್ಲಿ ಹಾಗಲ್ಲ, ಅಲ್ಲಿ ಕನ್ನಡಕ್ಕೆ ತನ್ನದೇ ಸ್ವಂತ ಮನೆ ಇದೆ. ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಎಂಬ ಯುನಿಕೋಡ್ ಕನ್ನಡ ಫಾಂಟು ಬಂತು, ಈಗಿನ ವಿಂಡೋಸ್‌ನಲ್ಲಿ ನಿರ್ಮಲಾ ಎಂಬುದು ಇರುತ್ತದೆ. ಯುನಿಕೋಡಿನಲ್ಲಿ ಬರೆದದ್ದು ಫಾರ್ಮ್ಯಾಟ್ ಆದರೂ, ಬೇರೆ ಯಂತ್ರಕ್ಕೆ ಒಯ್ದರೂ ಕನ್ನಡವಾಗಿಯೇ ತೆರೆಯುತ್ತದೆ.

ಆದ್ದರಿಂದ ಹಳೆಯ ಕಡತಗಳನ್ನು ಯುನಿಕೋಡಿಗೆ ಬದಲಿಸಿಟ್ಟುಕೊಳ್ಳಿ. ನುಡಿಯಲ್ಲೂ ಬರಹದಲ್ಲೂ ಅದಕ್ಕೆ ಪರಿವರ್ತಕಗಳಿವೆ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಒತ್ತಕ್ಷರ, ಅರ್ಕಾವತ್ತುಗಳು ಕೆಲವೊಮ್ಮೆ ಸ್ಥಾನ ತಪ್ಪುತ್ತವೆ, ಸಾಲು ಸಾಲಾಗಿ ಓದಿ ತಾಳೆ ನೋಡಬೇಕು. ಗುರುಗಳ ನೆನಪಿನ ಪುಟಗಳನ್ನು ನಾವು ಹಾಗೆಯೇ ಕುಳಿತು ಓದಿ ತಿದ್ದಿದೆವು, ಎರಡು ಪ್ರತಿ ಮುದ್ರಿಸಿ ಬೈಂಡ್ ಮಾಡಿಸಿದೆವು. ಗೆದ್ದಲಿಗೂ ವೈರಸ್ಸಿಗೂ ಒಂದೇ ದಿನ ಎರಡೂ ಸಿಗಲಾರವು.

ಇನ್ನೊಂದು ಮಾತು. ವಿಂಡೋಸಿನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬರುತ್ತದೆ. ನುಡಿಗೆ ಕೈ ಹೊಂದಿದವರಿಗೆ ಮೊದಮೊದಲು ತೊಡಕು. ಆದರೆ ಗಡಿಯವರಿಗೆ ಅದರಲ್ಲಿ ಒಂದು ಲಾಭವಿದೆ. ಭಾರತದ ಲಿಪಿಗಳಿಗೆಲ್ಲ ಅಲ್ಲಿ ಒಂದೇ ವಿನ್ಯಾಸ. ಮರಾಠಿಯ 'ಕ' ಇರುವ ಕೀಲಿಯಲ್ಲೇ ಕನ್ನಡದ 'ಕ' ಇದೆ. ಶಾಲೆಯಲ್ಲಿ ಇನ್‌ಸ್ಕ್ರಿಪ್ಟ್ ಮರಾಠಿ ಟೈಪಿಂಗ್ ಕಲಿತ ನಮ್ಮ ಮಕ್ಕಳು ಭಾಷೆ ಬದಲಿಸಿದ ಕೂಡಲೇ ಕನ್ನಡ ಬರೆಯಬಲ್ಲರು. ಬೇಡವೆನಿಸಿದವರಿಗೆ 2019ರಿಂದ ಧ್ವನಿಯನುಸಾರ ಬರೆಯುವ ಕನ್ನಡ ಕೀಲಿಮಣೆಯೂ ವಿಂಡೋಸಿನಲ್ಲೇ ಇದೆ.

ಮಾಡಬಾರದ ಕೆಲವು

ರಿಜಿಸ್ಟ್ರಿ ಸ್ವಚ್ಛ ಮಾಡುತ್ತೇವೆ, ಕಂಪ್ಯೂಟರ್ ಓಡುವಂತೆ ಮಾಡುತ್ತೇವೆ ಎಂದು ಹೇಳುವ ಪುಕ್ಕಟೆ ತಂತ್ರಾಂಶಗಳನ್ನು ಹಾಕಬೇಡಿ. ಇಂಥವನ್ನು ಬಳಸುವುದಕ್ಕೆ ಮೈಕ್ರೋಸಾಫ್ಟ್ ಕಂಪನಿಯೇ ಬೆಂಬಲ ಕೊಡುವುದಿಲ್ಲ. ದಫ್ತರದಲ್ಲಿ ಯಾವ ಪುಟ ಬೇಕು ಯಾವುದು ಬೇಡ ಎಂದು ದಾರಿಹೋಕನು ಹೇಗೆ ಹೇಳಬಲ್ಲ?

ರಿಜಿಸ್ಟ್ರಿಯನ್ನು ಕೈಯಿಂದ ತಿದ್ದಲೇಬೇಕಾಗಿ ಬಂದರೆ, ರೆಜ್‌ಎಡಿಟ್ ತೆರೆದು, ತಿದ್ದುವ ಭಾಗವನ್ನು ಆರಿಸಿ, ಫೈಲ್ ಪಟ್ಟಿಯ 'ಎಕ್ಸ್‌ಪೋರ್ಟ್' ಒತ್ತಿ ಮೊದಲು ನಕಲು ತೆಗೆಯಿರಿ. ಆ ನಕಲನ್ನು ಎರಡು ಸಲ ಒತ್ತಿದರೆ ಹಳೆಯ ನೋಂದಣಿಗಳು ಮರಳುತ್ತವೆ. ಆದರೆ ನಡುವೆ ಹೊಸದಾಗಿ ಸೇರಿದವು ಅದರಿಂದ ಅಳಿಯುವುದಿಲ್ಲ. ಹಾಗಾಗಿ ಎಕ್ಸ್‌ಪೋರ್ಟ್ ಜೊತೆಗೆ ರಿಸ್ಟೋರ್ ಪಾಯಿಂಟೂ ಇರಲಿ.

ಸೋವಿ ಎಂದು ಪರವಾನಗಿ ಇಲ್ಲದ ವಿಂಡೋಸ್ ಹಾಕಿಸಿಕೊಳ್ಳಬೇಡಿ. ಅದನ್ನು ಒಪ್ಪಿಸಲು ಬಳಸುವ ಕಳ್ಳ ತಂತ್ರಾಂಶಗಳಿಗಾಗಿ ವೈರಸ್ ಕಾವಲನ್ನೇ ಬಂದ್ ಮಾಡಿಬಿಡುವುದುಂಟು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ಗಮನದಲ್ಲಿರಲಿ. ಹಳೆಯ ಯಂತ್ರ ಇಟ್ಟುಕೊಂಡವರಿಗೆ ನಕಲಿನ ಅಗತ್ಯ ಈಗ ಇನ್ನೂ ಹೆಚ್ಚು.

ಲಿನಕ್ಸ್ ಬಳಸುವ ಸದಸ್ಯರಿಗೂ ಒಂದು ಮಾತು. ಅಲ್ಲಿ ಇಡೀ ಯಂತ್ರದ ಸೆಟ್ಟಿಂಗು 'ಇಟಿಸಿ' ಎಂಬ ಫೋಲ್ಡರಿನಲ್ಲಿ, ಓದಲು ಬರುವ ಸಾದಾ ಪಠ್ಯ ಕಡತಗಳಾಗಿಯೇ ಇರುತ್ತದೆ. ತಿದ್ದುವ ಮುಂಚೆ ಆ ಕಡತವನ್ನು ತಾರೀಕು ಸೇರಿಸಿದ ಹೆಸರಿನಲ್ಲಿ ನಕಲು ಮಾಡಿದರೆ ಮುಗಿಯಿತು. ಸ್ವಂತ ಸೆಟ್ಟಿಂಗುಗಳು ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಆರಂಭವಾಗುವ ಮರೆಯ ಕಡತಗಳಲ್ಲಿರುತ್ತವೆ, ಅವನ್ನೂ ಸೇರಿಸಿ ನಕಲು ಮಾಡಿ.

ಕೊನೆಯದಾಗಿ

ನೌಕರಿಯಲ್ಲಿದ್ದಾಗ ನಮಗೆ ಕಲಿಸಿದ ಪದ್ಧತಿ ಒಂದಿತ್ತು. ದಫ್ತರದಲ್ಲಿ ತಪ್ಪು ಕಂಡರೆ ಕೆರೆದು ಅಳಿಸಬಾರದು. ಹಳೆಯದು ಓದಲು ಬರುವ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಾರೀಕು ಹಾಕಿ ಸಹಿ ಮಾಡಬೇಕು. ನಾಳೆ ತಿದ್ದಿದ್ದೇ ತಪ್ಪು ಎಂದಾದರೆ ಹಿಂದಕ್ಕೆ ಹೋಗಲು ದಾರಿ ಇರಬೇಕು. ಜಮೀನಿನ ಫೇರಫಾರ ನೋಂದಣಿ ವಹಿ ಇರುವುದೂ ಅದಕ್ಕೇ. ಕಂಪ್ಯೂಟರಿಗೂ ಇದೇ ಪದ್ಧತಿ ಸಾಕು: ನಕಲು ಮೊದಲು, ಬದಲಾವಣೆ ಆಮೇಲೆ.

ಗಡಿಯಲ್ಲಿರುವ ನಮಗೆ ಇದು ಬರೀ ಯಂತ್ರದ ಮಾತಲ್ಲ. ಅಂಗಡಿಯಿಂದ ಬರುವ ಕಂಪ್ಯೂಟರಿನಲ್ಲಿ ಕನ್ನಡ ತಾನಾಗಿ ಇರುವುದಿಲ್ಲ. ನಾವೇ ಕೇಳಿ ಹಾಕಿಸಬೇಕು, ನಾವೇ ಕಾಪಾಡಬೇಕು. ಯಾರೂ ಬೇಕೆಂದು ತೆಗೆಯಲಿಲ್ಲ, ಇದೆ ಎಂದು ಯಾರೂ ಹೇಳದೇ ಇದ್ದುದರಿಂದ ಹೋಯಿತು. ನಮ್ಮ ಗುರುಗಳ ಮಾತುಗಳು ಅಳಿಯದೆ ಉಳಿದದ್ದು ಒಂದು ರಾತ್ರಿಯ ತಾಳ್ಮೆಯಿಂದ. ಪ್ರತಿ ಸಲವೂ ಅಂಥ ಅದೃಷ್ಟ ಇರುವುದಿಲ್ಲ.

ಮುಂದಿನ ಮಾಸಿಕ ಸಭೆ ಮುಗಿದ ಮೇಲೆ ಒಂದು ತಾಸು ಈ ಕೆಲಸಕ್ಕೇ ಮೀಸಲಿಟ್ಟಿದ್ದೇವೆ. ಬರುವಾಗ ಖಾಲಿ ಪೆನ್‌ಡ್ರೈವ್ ತನ್ನಿ, 'ಕನ್ನಡ ಗಂಟು' ಮಾಡಿಕೊಳ್ಳುವುದನ್ನು ತೋರಿಸಿಕೊಡುತ್ತೇವೆ. ಲ್ಯಾಪ್‌ಟಾಪ್ ಇದ್ದವರು ಚಾರ್ಜರ್ ಸಮೇತ ತಂದರೆ ರಿಸ್ಟೋರ್ ಪಾಯಿಂಟನ್ನು ಅಲ್ಲೇ ಕೂಡಿ ಮಾಡೋಣ. ನಿಮ್ಮಲ್ಲಿ ಹಳೆಯ ನುಡಿ, ಬರಹದ ಕಡತಗಳಿದ್ದು, ತೆರೆದರೆ ಅರ್ಥವಾಗದ ಚಿಹ್ನೆಗಳು ಕಾಣುತ್ತಿದ್ದರೆ ದಯವಿಟ್ಟು ಅಳಿಸಬೇಡಿ, ಹಾಗೆಯೇ ತನ್ನಿ. ಒಟ್ಟಿಗೆ ತೆರೆದು ನೋಡೋಣ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸೊರಡಿ